ಒಂದು ಕೊಂಡಿ ಕಮ್ಮಿ

ನಮ್ಮ ದೇಶ ಹ್ಯಾಂಗ ಹುಟ್ಟಿತು ಅಂತ ಕೇಳಿದ್ರ
ನಾ ಮೊದಲು ಪುಂಡಿಪಲ್ಲೆದ ಹೆಸರು ಹೇಳ್ತೀನಿ.
ನಗಬ್ಯಾಡ್ರಿ.

ಔರಾದದಿಂದ ಮೂಡಕ್ಕ, ಡಾಂಬರು ಮುಗಿದು
ಕರಿಮಣ್ಣಿನ ಹಾದಿ ಮೂರು ಟಿಸಿಲು ಒಡೆಯೋ ಕಡೆ
ಒಂದು ಹಿಟ್ಟಿನ ಗಿರಣಿ, ಒಂದು ಬಾವಿ, ಒಂಬತ್ತು ಮನಿ,
ಮತ್ತ ಯಾರ ಉತಾರದಾಗೂ ಇಲ್ಲದ ಒಂದು ಬೇವಿನ ಗಿಡ.
ಅಗಲ ಮುನ್ನೂರು ಹೆಜ್ಜಿ.
ಉದ್ದ, ನಮ್ಮಜ್ಜ ಒಂದು ಬೀಡಿ ಸೇದಿ ಮುಗಿಸೋವಷ್ಟು.

ಹೈದರಾಬಾದ ಸೀಮಿ ಮೂರು ಹೋಳಾದ ವರ್ಷ
ಪೈಮಾಯಿಷಿಯವರು ಬಂದ್ರು.
ಮೈಸೂರಿನವರು ತೆಂಕಿಂದ, ಮುಂಬಯಿಯವರು ಪಡುವಿಂದ,
ಆಂಧ್ರದವರು ಬಿಸಿಲು ಹುಟ್ಟೋ ದಿಕ್ಕಿಂದ.
ಅಮೀನರ ಕೈಯಾಗ ಮೂರು ನಕಾಶಿ,
ಮೂವರಿಗೂ ಕೂಡಿ ಜರೀಬು ಮಾತ್ರ ಒಂದ.
ಅದನ್ನ ಎಳೀತಿದ್ದವ ಮಾಣಿಕಪ್ಪ, ನಮ್ಮಜ್ಜ,
ಆಗಿನ್ನೂ ಮೀಸಿ ಮೂಡಿದ ಹುಡುಗ.
ನೂರು ಕೊಂಡಿಯ ಜರೀಬಿನಾಗ ಒಂದು
ಮಾಂಜ್ರಾ ದಾಟುವಾಗ ಮುರಿದು ಅವನ ಕಿಸೆ ಸೇರಿತ್ತು.
ಅಳತಿ ಎಲ್ಲಾ ಗಿಡ್ಡ ಬೀಳಾಕತ್ತಾವ ಅಂತ
ಅವನೊಬ್ಬಗ ಗೊತ್ತಿತ್ತು.

ಹೇಳಬೇಕಂತ ಬಾಯಿ ತೆರೆದ.
ಆ ಹೊತ್ತಿಗೇ ಗಿರಣಿ ಮಗ್ಗುಲ ಮನಿಯ ಪೋಶವ್ವ
ಬಿಸಿ ರೊಟ್ಟಿಗಿ ಪುಂಡಿಪಲ್ಲೆ ಹಚ್ಚಿ
ತೆರೆದ ಬಾಯಿಗಿ ಕೊಟ್ಟಳು.
"ತಿನು ಬಿಡ್ಡಾ" ಅಂದಳು.
ಅಜ್ಜಗ ತೆಲುಗು ಬರ್ತಿರಲಿಲ್ಲ. ಹಸಿವು ಬರ್ತಿತ್ತು.

ತಿಂದು ಕೈ ತೊಳೆಯೋದ್ರಾಗ
ಅಮೀನರು ಕಲ್ಲು ನೆಟ್ಟು, ಸುಣ್ಣ ಬಳಿದು, ಜೀಪು ಹತ್ತಿದ್ರು.
ಮೂರು ಸರಹದ್ದು ಒಂದಕ್ಕೊಂದು ಮುಟ್ಟದ ನಿಂತವು,
ಮದಿವಿ ಮನಿಯಾಗ ಮುನಿಸಿಕೊಂಡ ಬೀಗರ ಹಂಗ.
ನಡುವ ಉಳಿದವರು ನಾವು.
ಅಳೆಯಾಕ ಬಂದವ
ಪೋಶವ್ವನ ಅಳಿಯ ಆಗಿ ಇಲ್ಲೇ ಉಳಿದ.

ಖಾಜಾಮಿಯಾನ ಗಿರಣಿಗಿ ಎಲ್ಲಾ ಕಡಿಯಿಂದ ಕಾಳು ಬರ್ತಾವ.
ಮೊದಲು ಬಂದವರ ಹಿಟ್ಟು ಕಲ್ಲಿನಾಗ ಒಂದು ಹಿಡಿ ಉಳೀತದ,
ಹಿಂದಿನವರ ಡಬ್ಬಿಗಿ ಬೀಳ್ತದ.
ದೇಗಲೂರ ಕಡಿಯ ದಿಗಂಬರರಾವ ಒಮ್ಮೆ
"ಆಮಚಾ ಗಹೂ!" ಅಂತ ಕೂಗ್ಯಾಡಿ, ಜೋಳ ಕೂಡ್ಯದ ಅಂತ
ಡಬ್ಬಿ ಒದ್ದು ಹೋದ.
ಸಂಜಿಕ ಹೆಂಡತಿ ಬಂದು ತುಂಬಿಕೊಂಡು ಹೋದಳು.
ನಮ್ಮ ಮಾತೂ ಆ ಕಲ್ಲಿನಾಗ ಬೀಸಿದ್ದ.

ಹಾಡಿ ಹೊಗಳೋವಂಥದ್ದು ಏನಿಲ್ಲ.
ಕರೆಂಟ ಬಂದಿದ್ದು ಮೊನ್ನೆ ಮೊನ್ನೆ.
ಚಿಕ್ಕವ್ವಗ ಬ್ಯಾನಿ ಎದ್ದ ರಾತ್ರಿ
ಬಂಡಿ ಮೂರು ದವಾಖಾನಿ ತಿರುಗಿತು.
ನೀವು ನಮ್ಮವರಲ್ಲ, ಅಂದ್ರು ಮೂರೂ ಕಡೆ.
ಮೂರೂ ಮಾತು ನಮಗ ತಿಳೀತು.
ತಿಳೀದಿದ್ರ ಚೊಲೊ ಇತ್ತು.

ಜನಗಣತಿ ಮಾಸ್ತರ ಬಂದಿದ್ದ.
ಮಾತೃಭಾಷೆ ಒಂದ ಹೇಳು ಬಾಯೀ, ಕಾಲಂ ಒಂದ ಅದ, ಅಂದ.
ಬಾಯಿನೂ ಒಂದ ಅದರಿ, ಅಂದೆ.
ಪೆನ್ನು ನಿಂತಿತು.
ಅವ್ವ ಸತ್ತಾಗ ಅತ್ತಿದ್ದು ಕನ್ನಡದಾಗ,
ಬೇಕಾದ್ರ ಅದನ್ನ ಬರಕೋರಿ.
ಬರಕೊಂಡ.

ಈಗ ಮತ್ತ ಬಂದಾರ, ಮೂರು ಕಾಲಿನ ಮಿಷಿನ್ ತಗೊಂಡು.
ಈ ಸಲ ಆಕಾಶದಿಂದ ಅಳೀತಾರಂತ,
ಒಂದು ಗೇಣೂ ತಪ್ಪಂಗಿಲ್ಲಂತ.
ಹುಡುಗ ಸಾಹೇಬ. ಕುತ್ತಿಗಿ ಸುಟ್ಟು ಕೆಂಪಾಗ್ಯದ.
ಬಾವಿಗಿ ಹೋಗಿ ಕೊಡ ಸೇದಿ ಗಟಗಟ ಕುಡಿದ,
ಕೊಡದ ಹಗ್ಗಕ್ಕ ಹಾಕಿದ ಕೊಕ್ಕಿ
ಎರಡು ಸಲ ತಿರುವಿ ನೋಡಿದ.
ಹಳೇ ಕಬ್ಬಿಣ, ಅಜ್ಜನ ಕಿಸೆದ್ದು,
ಒಂದು ತುದಿ ಮುರಿದದ.

ಇದು ಏನರೀ ಅಂತ ಕೇಳಿದ.

ಹೇಳಬೇಕಂತ ಬಾಯಿ ತೆರೆದೆ.
ಒಲಿ ಮ್ಯಾಲ ಹಂಚು ಕಾದಿತ್ತು.

ಬರ್ರಿ, ಅಂದೆ, ಮೊದಲು ಊಟ ಮಾಡ್ರಿ.